ಕರಾವಳಿಯ ಹವೆಯಲ್ಲಿ 10 ಮೀಟರ್ ಏರ್ ರೈಫಲ್‌ನ ಬಿಡಿಭಾಗಗಳನ್ನು ಆರಿಸುವ ಕ್ರಮ

ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಸಿದ್ಧಗೊಳಿಸುತ್ತಿರುವ ಪಾಲಕರು ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯ ರೈಫಲ್ ಒಳ್ಳೆಯದು, ಯಾವ ಬ್ಯಾರೆಲ್ ಒಳ್ಳೆಯದು ಎಂದು. ನಾನು ಮೊದಲು ಮಗುವಿನ ಕತ್ತಿನ ಉದ್ದ, ಭುಜದ ಅಗಲ ನೋಡುತ್ತೇನೆ. ಆಮೇಲೆ ರೈಫಲಿನಲ್ಲೇ ಇರುವ, ಒತ್ತಿದ ಗಾಳಿಯ ಸಿಲಿಂಡರಿಗೆ ಗಾಳಿಯನ್ನು ಎಲ್ಲಿಂದ ತುಂಬಿಸುತ್ತೀರಿ ಎಂದು ಕೇಳುತ್ತೇನೆ. ಕಾರವಾರದ ಕೋಡಿಬಾಗದ ನಮ್ಮ ಮನೆಯ ಮಾಳಿಗೆಯಲ್ಲಿ ಮಗಳ ಅಭ್ಯಾಸವನ್ನು ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಹೊಸಬರ ಅಂಕಗಳು ಬ್ಯಾರೆಲ್ಲಿನಿಂದಾಗಿ ಹೋಗುವುದು ಅಪರೂಪ; ಮೈಗೆ ಹೊಂದದ ಸ್ಟಾಕ್ (ರೈಫಲನ್ನು ಭುಜಕ್ಕೆ ಆನಿಸಿ ಹಿಡಿಯುವ ಭಾಗ), ಬ್ಯಾರೆಲ್ಲಿಗೆ ಹೊಂದದ ಪೆಲೆಟ್ (ಸೀಸದ ಪುಟ್ಟ ಗುಂಡು) ಮತ್ತು ತೇವ ಸೇರಿದ ಗಾಳಿಯಿಂದಲೇ ಅವು ಹೆಚ್ಚು ಹೋಗುತ್ತವೆ.

ಮೊದಲು ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ (ನಳಿಗೆಯ ಒಳವ್ಯಾಸ) 4.5 ಮಿ.ಮೀ. ಮೀರಿದ ಅಥವಾ ಶಕ್ತಿ 20 ಜೂಲ್ ಮೀರಿದ ಗಾಳಿ ಬಂದೂಕಿಗೆ ಪರವಾನಗಿ ಬೇಕು. ಸ್ಪರ್ಧೆಯ ರೈಫಲ್ ಈ ಮಿತಿಯ ಒಳಗೇ ಇರುತ್ತದೆ: ಸುಮಾರು 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 8 ಜೂಲನ್ನೂ ಮುಟ್ಟುವುದಿಲ್ಲ. ಹೆಚ್ಚು ಶಕ್ತಿ ಬರಲೆಂದು ಸ್ಪ್ರಿಂಗನ್ನೋ ವಾಲ್ವನ್ನೋ ಬದಲಾಯಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಅದರಿಂದ ಗುರಿ ಸುಧಾರಿಸುವುದಿಲ್ಲ. ತೋಟಕ್ಕೆ ಬರುವ ಕಾಡುಪ್ರಾಣಿ ಪಕ್ಷಿಗಳಿಗೆ ಇದರಿಂದ ಹೊಡೆಯುವುದಂತೂ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅದು ವಿರುದ್ಧ. ಇದು ಕಾಗದದ ಗುರಿಗೆಂದೇ ಮಾಡಿದ ಸಾಧನ.

ಇನ್ನು ಸ್ಟಾಕ್. ಭುಜಕ್ಕೆ ತಾಗುವ ಬಟ್ ಪ್ಲೇಟ್ ಮತ್ತು ಕೆನ್ನೆ ಆನಿಸುವ ಚೀಕ್‌ಪೀಸ್ ಎರಡೂ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವಂತಿರಬೇಕು. ಬೆಳೆಯುವ ಮಕ್ಕಳಿಗಂತೂ ಇದು ಬೇಕೇ ಬೇಕು, ಏಕೆಂದರೆ ಜೂನ್‌ನಲ್ಲಿ ಸರಿಹೊಂದಿದ್ದ ಅಳತೆ ಮುಂದಿನ ಜೂನ್‌ಗೆ ಗಿಡ್ಡವಾಗಿರುತ್ತದೆ. ಪರೀಕ್ಷಿಸುವುದು ಸುಲಭ. ಪೆಲೆಟ್ ಹಾಕದ ರೈಫಲನ್ನು ಗುರಿಯ ಕಡೆ ಹಿಡಿದು ನಿಂತು, ಕಣ್ಣು ಮುಚ್ಚಿ, ಎರಡು ಮೂರು ಬಾರಿ ಉಸಿರಾಡಿ, ಕೆನ್ನೆಯನ್ನು ಚೀಕ್‌ಪೀಸಿನ ಮೇಲೆ ಹಗುರವಾಗಿ ಇಳಿಬಿಡಬೇಕು. ಕಣ್ಣು ತೆರೆದಾಗ ಹಿಂದಿನ ಸೈಟಿನ (ಗುರಿ ನೋಡುವ ಸಾಧನದ) ರಂಧ್ರದ ನಟ್ಟನಡುವೆ ಮುಂದಿನ ಸೈಟಿನ ಉಂಗುರ ಕಾಣಬೇಕು. ಅದನ್ನು ನೋಡಲು ತಲೆಯನ್ನು ಚಾಚಬೇಕಾದರೆ ಅಥವಾ ಕೆನ್ನೆಯನ್ನು ಒತ್ತಬೇಕಾದರೆ ತಿದ್ದಬೇಕಾದದ್ದು ಸ್ಟಾಕನ್ನು, ಮಗುವಿನ ಕತ್ತನ್ನಲ್ಲ. ಕತ್ತು ಉದ್ದವಿರುವವರಿಗೆ ಚೀಕ್‌ಪೀಸಿನ ಜೊತೆ ಸೈಟುಗಳನ್ನೂ ಎತ್ತರಿಸುವ ರೈಸರ್ ಬೇಕಾಗಬಹುದು; ಅದನ್ನು ಕೊಳ್ಳುವಾಗ ಹಿಂದಿನ ಮತ್ತು ಮುಂದಿನ ಸೈಟಿಗೆ ಒಂದೇ ಎತ್ತರದ ಜೋಡಿಯನ್ನೇ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಸೇರಿಸಿದ ಮೇಲೂ ರೈಫಲ್‌ನ ಒಟ್ಟು ತೂಕ 5.5 ಕೆ.ಜಿ. ಮೀರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಅದಕ್ಕಿಂತ ಬಹಳ ಹಗುರವಾದದ್ದೇ ಮೇಲು, ಬೆನ್ನು ಉಳಿಯುತ್ತದೆ.

ಮರದ ಸ್ಟಾಕೋ ಅಲ್ಯುಮಿನಿಯಮ್ ಸ್ಟಾಕೋ ಎಂಬ ಪ್ರಶ್ನೆಗೆ ನಮ್ಮ ಕಡೆಗೆ ನಾನು ಅಲ್ಯುಮಿನಿಯಮ್ಮನ್ನೇ ಹೇಳುತ್ತೇನೆ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ, ಅದರೊಡನೆ ತಿರುಪುಗಳ ಬಿಗಿಯೂ ಬದಲಾಗುತ್ತದೆ. ಅಲ್ಯುಮಿನಿಯಮ್ ಸ್ಟಾಕಿನಲ್ಲಿಯೂ ಉಕ್ಕಿನ ತಿರುಪುಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವಾದ್ದರಿಂದ ಅಭ್ಯಾಸ ಮುಗಿದೊಡನೆ ಬೆವರನ್ನು ಒರೆಸಿ, ತಿರುಪಿನ ತಲೆಗಳಿಗೆ ಎಣ್ಣೆಯ ಬಟ್ಟೆ ಆಡಿಸಬೇಕು.

ಸೈಟುಗಳಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಕಣ್ಣಿನ ದೋಷವಿದ್ದವರು ಕನ್ನಡಕ ಹಾಕಿಕೊಳ್ಳಬಹುದು ಅಥವಾ ಹಿಂದಿನ ಸೈಟಿಗೆ ಒಂದು ಮಸೂರ ಜೋಡಿಸಿಕೊಳ್ಳಬಹುದು. ಗುರಿಯ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ., ಹತ್ತು ಅಂಕದ ನಡುಚುಕ್ಕೆಯದು 0.5 ಮಿ.ಮೀ. ಮಾತ್ರ. ಚುಕ್ಕೆ ಅಷ್ಟು ಸಣ್ಣದೆಂದು ಮುಂದಿನ ಉಂಗುರವನ್ನೂ ಸಣ್ಣದಾಗಿ ಆರಿಸುವುದು ಬಹಳ ಜನ ಮಾಡುವ ತಪ್ಪು. ಕಪ್ಪು ವೃತ್ತದ ಸುತ್ತ ಬಿಳಿ ಧಾರಾಳವಾಗಿ ಕಾಣುವಷ್ಟು ದೊಡ್ಡ ಉಂಗುರವಿದ್ದರೆ ಕಣ್ಣು ದಣಿಯುವುದಿಲ್ಲ, ಕೈಯ ಸಣ್ಣ ಅಲುಗಾಟಕ್ಕೆ ಮನಸ್ಸು ಗಾಬರಿಯಾಗುವುದಿಲ್ಲ. ಹಿಂದಿನ ಸೈಟಿನ ರಂಧ್ರ ಹಿಗ್ಗಿಸಿ ಕುಗ್ಗಿಸಬಹುದಾದದ್ದೇ ಆಗಿರಲಿ, ಏಕೆಂದರೆ ಆಷಾಢದ ಮಧ್ಯಾಹ್ನ ನಮ್ಮಲ್ಲಿ ಸಂಜೆಯಂತೆ ಕತ್ತಲಾಗಿರುತ್ತದೆ.

ಟ್ರಿಗರ್ ವಿಷಯ ಚಿಕ್ಕದು. ಎರಡು ಹಂತದ (ಮೊದಲು ಹಗುರವಾಗಿ ಸರಿದು ತಡೆದು ನಿಂತು, ಆಮೇಲಿನ ಒತ್ತಿಗೆ ಹೊಡೆಯುವ), ಬೆರಳಿನ ಉದ್ದಕ್ಕೆ ಸರಿಸಬಹುದಾದ ಟ್ರಿಗರ್ ಸಾಕು. ರೈಫಲ್‌ನಲ್ಲಿ ಟ್ರಿಗರ್ ಎಳೆಯಲು ಬೇಕಾದ ಬಲಕ್ಕೆ ಕನಿಷ್ಠ ಮಿತಿಯ ನಿಯಮವಿಲ್ಲವೆಂದು ಹೊಸಬರಿಗೆ ಅದನ್ನು ತೀರ ಹಗುರ ಮಾಡಿಕೊಡಬಾರದು.

ಬ್ಯಾರೆಲ್ ಮತ್ತು ಪೆಲೆಟ್‌ಗಳನ್ನು ಬೇರೆ ಬೇರೆಯಾಗಿ ಯೋಚಿಸಲಾಗದು. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಥರ್, ಆನ್‌ಶುಟ್ಜ್‌ನಂಥ ತಯಾರಕರ ರೈಫಲ್‌ಗಳ ಬ್ಯಾರೆಲ್ ಹೊಸಬರ ಕೈಗೆ ಬೇಕಾದುದಕ್ಕಿಂತ ಎಷ್ಟೋ ನಿಖರ. ಆದರೆ ಅದೇ ಬ್ಯಾರೆಲ್ 4.49 ಮಿ.ಮೀ. ತಲೆಯ ಪೆಲೆಟನ್ನು ಒಪ್ಪಿ 4.51ರದನ್ನು ಒಪ್ಪದೆ ಇರಬಹುದು. ಆದ್ದರಿಂದ ಚಪ್ಪಟೆ ತಲೆಯ ಪೆಲೆಟ್‌ಗಳ ಮೂರು ನಾಲ್ಕು ಅಳತೆಯ ಡಬ್ಬಿಗಳನ್ನು ತರಿಸಿ, ರೈಫಲನ್ನು ಅಲುಗದಂತೆ ವೈಸ್‌ಗೆ ಕಟ್ಟಿ, ಒಂದೊಂದರಿಂದ ಹತ್ತು ಹತ್ತು ಹೊಡೆದು ನೋಡಬೇಕು. ಹೊಂದಿದ ಪೆಲೆಟ್ ಆದರೆ ಹತ್ತೂ ಒಂದೇ ತೂತಿನಂತೆ ಕಾಣುತ್ತವೆ. ಹೊಂದದಿದ್ದರೆ ತೂತಿನ ಅಂಚು ಹರಿದು ಅಗಲವಾಗುತ್ತದೆ. ಸರಿಯಾದದ್ದು ಸಿಕ್ಕ ಮೇಲೆ ಅದೇ ತಯಾರಿಕಾ ಸಂಖ್ಯೆಯ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಬೇಕು, ಆದರೆ ಒಂದು ಮಳೆಗಾಲಕ್ಕೆ ಬೇಕಾದಷ್ಟು ಮಾತ್ರ. ಸೀಸದ ಮೇಲೆ ನಮ್ಮ ಹವೆಯಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಹಾಗಾದದ್ದನ್ನು ಬಳಸಬಾರದು. ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಲೇಬೇಕು.

ಕರಾವಳಿಯವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಗಾಳಿಗೆ. ತುಂಬಿದ ಸಿಲಿಂಡರಿನಲ್ಲಿ 200 ಬಾರ್ (ವಾತಾವರಣದ ಒತ್ತಡದ ಸುಮಾರು 200 ಪಟ್ಟು) ಒತ್ತಡದ ಗಾಳಿಯಿರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಹೊಡೆತಕ್ಕೂ ಒಂದೇ ಅಳತೆಯಲ್ಲಿ ಬಿಡುತ್ತದೆ. ಗಾಳಿಯನ್ನು ಇಷ್ಟು ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ. ನಾವು ಮೊದಲ ವರ್ಷ ತೇವ ಹೀರುವ ಫಿಲ್ಟರ್ ಇಲ್ಲದ ಕೈಪಂಪಿನಿಂದ ಜುಲೈ ತಿಂಗಳಿಡೀ ತುಂಬಿಸಿದೆವು. ಆಗಸ್ಟ್‌ನಲ್ಲಿ ಹೊಡೆತಗಳು ಕಾರಣವಿಲ್ಲದೆ ಒಂದು ಮೇಲೆ, ಒಂದು ಕೆಳಗೆ ಬೀಳತೊಡಗಿದವು. ಗಾಳಿಯನ್ನೆಲ್ಲ ಹೊರಬಿಟ್ಟು ಸಿಲಿಂಡರನ್ನು ತಿರುಗಿಸಿ ತೆಗೆದಾಗ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಮೇಲೆ ಇಬ್ಬನಿಯಂತೆ ನೀರು, ಅದರ ಹಿಂದಿನ ಉಕ್ಕಿನ ಅಂಚಿನಲ್ಲಿ ಅರಿಶಿನ ಕುಂಕುಮ ಕದಡಿದ ಬಣ್ಣದ ತುಕ್ಕು. ರೆಗ್ಯುಲೇಟರನ್ನು ಬಿಚ್ಚಿ ಸೀಲುಗಳನ್ನು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಆ ವರ್ಷದ ರಾಜ್ಯಮಟ್ಟದ ಸ್ಪರ್ಧೆಯೇ ತಪ್ಪಿತು.

ಆದ್ದರಿಂದ ಕೈಪಂಪು ಕೊಳ್ಳುವುದಾದರೆ ತೇವ ಹೀರುವ ಫಿಲ್ಟರ್ ಇರುವುದನ್ನೇ ಕೊಳ್ಳಬೇಕು, ಅದರ ಹರಳುಗಳನ್ನು ಬಣ್ಣ ಬದಲಾದೊಡನೆ ಬದಲಿಸಬೇಕು. ಇದಕ್ಕಿಂತ ಒಳ್ಳೆಯ ದಾರಿ ಸಮುದ್ರದಲ್ಲಿ ಮುಳುಗುವವರು ಉಸಿರಾಟಕ್ಕೆ ಬಳಸುವ ಸ್ಕೂಬಾ ಸಿಲಿಂಡರಿನಿಂದ ರೈಫಲಿನ ಸಿಲಿಂಡರನ್ನು ತುಂಬಿಸುವುದು. ನೇತ್ರಾಣಿ ದ್ವೀಪದ ಡೈವಿಂಗ್‌ನಿಂದಾಗಿ ಮುರ್ಡೇಶ್ವರದ ಕಡೆ ಇಂಥ ಸಿಲಿಂಡರುಗಳನ್ನು ತುಂಬಿಸುವವರಿದ್ದಾರೆ. ಉಸಿರಾಟಕ್ಕೆಂದು ಸೋಸಿ ಒಣಗಿಸಿದ ಆ ಗಾಳಿ ರೈಫಲ್‌ಗೂ ಹಿತ. ಸ್ಕೂಬಾ ಸಿಲಿಂಡರಿನ ಕೊರಳಿನ ಮೇಲೆ ಒತ್ತಿರುವ ಪರೀಕ್ಷೆಯ ದಿನಾಂಕ ನೋಡಿಯೇ ತೆಗೆದುಕೊಳ್ಳಬೇಕು, ಜೋಡಿಸುವ ಅಡಾಪ್ಟರ್ ನಿಮ್ಮ ರೈಫಲಿನದೇ ಆಗಿರಬೇಕು, ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಗಾಳಿ ಹರಿಯುವ ಯಾವ ಭಾಗಕ್ಕೂ ಸಾಮಾನ್ಯ ಎಣ್ಣೆ ಹಾಕಬಾರದು; ಹೆಚ್ಚಿನ ಒತ್ತಡದಲ್ಲಿ ಅದು ಹೊತ್ತಿಕೊಳ್ಳಬಹುದು. ಸೀಲುಗಳಿಗೆ ತಯಾರಕರು ಹೇಳಿದ ಸಿಲಿಕಾನ್ ಗ್ರೀಸ್ ಮಾತ್ರ.

ಹಳೆಯ ರೈಫಲ್ ಕೊಳ್ಳುವವರು ರೈಫಲಿನ ಸಿಲಿಂಡರಿನ ಮೇಲಿನ ತಯಾರಿಕೆಯ ವರ್ಷವನ್ನೂ ಬೆಲೆ ಮಾತಾಡುವ ಮೊದಲೇ ಓದಬೇಕು. ಹಲವು ತಯಾರಕರು ಅದಕ್ಕೆ 10 ವರ್ಷದ ಅವಧಿ ಇಟ್ಟಿದ್ದಾರೆ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯ ತಪಾಸಣೆಯಲ್ಲಿ ತಡೆಯಬಹುದು, ಹೊಸದಕ್ಕೆ ಮತ್ತೆ ಹಣ ಹಾಕಬೇಕಾಗುತ್ತದೆ. ಆಮೇಲೆ ಸಿಲಿಂಡರನ್ನು ತುಂಬಿಸಿ ಮಾಪಕದ ಮುಳ್ಳು ಎಲ್ಲಿದೆಯೆಂದು ಬರೆದಿಟ್ಟು, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಮುಳ್ಳು ಅಲ್ಲಿಯೇ ನಿಂತಿದ್ದರೆ ಮಾತ್ರ ಮುಂಗಡ ಕೊಡಬೇಕು.