ಬೇಲಿಯಂಚಿಗೆ ತೋಕ್ ಪೂ: ಬೀಜದಿಂದ ಬೆಳೆಸುವುದು ಹೀಗೆ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನಲ್ಲಿ ತೋಕ್ ಪೂವಿಗೆ ಹುಡುಕಾಟ ಶುರು. ನಾಟಿ ಮುಗಿಸಿ, ಕೋವಿ, ಒಡಿಕತ್ತಿಗಳನ್ನು ಪೂಜೆಗಿಡುವಾಗ ಕೋವಿಯ ತುದಿಗೆ ಸಿಕ್ಕಿಸಲು ಈ ಹೂವೇ ಆಗಬೇಕು. ಗೌರಿ ಹೂ, ಅಗ್ನಿಶಿಖೆ ಎಂದೆಲ್ಲ ಕರೆಸಿಕೊಳ್ಳುವ ಈ ಕಾಡು ಲಿಲ್ಲಿ ಹಿಂದೆ ಗದ್ದೆ ಬದಿಯಲ್ಲಿ, ಬಾಣೆಯಲ್ಲಿ (ಗದ್ದೆಗೆ ಸೇರಿದ ಹುಲ್ಲು, ಮರಗಳ ಜಾಗ) ತಾನಾಗಿ ಹಬ್ಬುತ್ತಿತ್ತು. ಹಸಿರು ಬೇಲಿ ಹೋಗಿ ತಂತಿ ಬಂದ ಕಡೆ, ಕಳೆನಾಶಕ ಹೊಡೆದ ಕಡೆ ಈಗ ಅದಿಲ್ಲ. ಔಷಧಿಗೆಂದು ಗೆಡ್ಡೆ ಅಗೆದು ಒಯ್ಯುವವರೂ ಇದ್ದಾರೆ. ಗೆಡ್ಡೆ ಕಿತ್ತು ತಂದು ನೆಟ್ಟರೆ ಒಂದು ಕಡೆ ಬರಿದಾಗಿ ಇನ್ನೊಂದು ಕಡೆ ತುಂಬುತ್ತದೆ, ಅಷ್ಟೆ. ಹೂವಿನ ಸಂಖ್ಯೆ ನಿಜಕ್ಕೂ ಹೆಚ್ಚಬೇಕಾದರೆ ಬೀಜವೇ ದಾರಿ. ಬೀಜದಿಂದ ಹೂವಿಗೆ ಮೂರು ನಾಲ್ಕು ವರ್ಷ ಬೇಕು. ಕಾಫಿ ಗಿಡದ ಮೊದಲ ಫಸಲಿಗೆ ಕಾಯುವ ನಮಗೆ ಇದು ಹೆಚ್ಚೇನಲ್ಲ.

ಶುರು ಮಾಡುವ ಮೊದಲೇ ತಿಳಿದಿರಬೇಕಾದ್ದು: ಈ ಬಳ್ಳಿಯ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಘೋರ ವಿಷ. ಅದರಲ್ಲಿರುವ ಕಾಲ್ಚಿಸಿನ್ ಹೊಟ್ಟೆ ಸೇರಿದರೆ ವಾಂತಿ, ಭೇದಿ ಶುರುವಾಗುವುದೇ ಕೆಲವು ಗಂಟೆ ತಡವಾಗಿ, ಪ್ರಾಣಕ್ಕೇ ಅಪಾಯ. ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಹಾಗಾಗಿ ಗೆಣಸು, ಶುಂಠಿ, ಅರಸಿನದ ಪಾತಿಯ ಹತ್ತಿರ ಖಂಡಿತ ನೆಡಬೇಡಿ. ಚಿಕ್ಕ ಮಕ್ಕಳಿರುವ ಅಂಗಳಕ್ಕೆ, ದನ ಕಟ್ಟುವ ಜಾಗಕ್ಕೆ ಇದು ಬೇಡ. ಬೀಜ, ಗೆಡ್ಡೆ ಮುಟ್ಟುವಾಗ ಕೈಗವಸು ಹಾಕಿ.

ಬೀಜವನ್ನು ನಿಮ್ಮ ತೋಟದ್ದೋ ನೆಂಟರ ತೋಟದ್ದೋ ಬಳ್ಳಿಯಿಂದ ತೆಗೆದುಕೊಳ್ಳಿ. ಕಾಡಿನೊಳಗೆ ಕೈ ಹಾಕಬೇಡಿ. ಮಳೆಗಾಲ ಮುಗಿದ ಮೇಲೆ ಹಸಿರು ಕಾಯಿ ಹಳದಿಗೆ ತಿರುಗಿ, ಸುಕ್ಕುಗಟ್ಟಿ, ಮೂರು ಸೀಳಾಗಿ ಬಿರಿಯುತ್ತದೆ. ಒಳಗೆ ಕೆಂಪು ಮಣಿಗಳಂತಹ ಬೀಜಗಳ ಸಾಲು. ಬಿರಿಯತೊಡಗಿದ ಕೂಡಲೇ ಕೊಯ್ಯಿರಿ. ಮೇಲಿನ ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ತೇವ ತಾಗದ ಡಬ್ಬಿಯಲ್ಲಿಡಿ. ಡಬ್ಬಿಯ ಮೇಲೆ ‘ವಿಷ’ ಎಂದು ಬರೆಯುವುದನ್ನು ಮರೆಯಬೇಡಿ.

ಕೊಯ್ದ ತಕ್ಷಣ ಬಿತ್ತಿ ಪ್ರಯೋಜನವಿಲ್ಲ. ಈ ಬೀಜ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಬಿತ್ತಿ. ಕಾಫಿ ನರ್ಸರಿಗೆ ಮಾಡುವ 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳಿನ ಮಿಶ್ರಣ ಇದಕ್ಕೆ ತುಸು ಜಿಗುಟು. ಮಣ್ಣಿಗೆ ಸಮಸಮ ಮರಳು ಬೆರೆಸಿ, ಚೆನ್ನಾಗಿ ಕಳಿತ ಗೊಬ್ಬರ ಒಂದು ಹಿಡಿ ಸಾಕು. ಬಿತ್ತಲು ಕಾಫಿ ತೊಟ್ಟೆಯೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಆಗಬಹುದು, ಆದರೆ ಅಡಿಯ ತೂತು ಕಟ್ಟಿರಬಾರದು.

ಮೊಳಕೆಗೆ ಒಂದರಿಂದ ಮೂರು ತಿಂಗಳು ಬೇಕು, ಅದೂ ಒಟ್ಟಿಗೆ ಬರುವುದಿಲ್ಲ. ಕೆಲವು ಮುಂದಿನ ವರ್ಷದ ಮಳೆಗೆ ಏಳುತ್ತವೆ. ಆದ್ದರಿಂದ ಖಾಲಿ ಕಂಡ ತೊಟ್ಟೆಯ ಮಣ್ಣು ಸುರಿದುಬಿಡಬೇಡಿ. ಎದ್ದ ಸಸಿಯೂ ಮೊದಲಿಗೆ ಹುಲ್ಲಿನ ಎಸಳಿನಂತೆಯೇ ಇರುತ್ತದೆ. ಕಳೆ ತೆಗೆಯುವವರಿಗೆ ಮೊದಲೇ ತೋರಿಸಿಡಿ. ಜೂನ್ ಬಂದ ಮೇಲೆ ತೊಟ್ಟೆಗಳನ್ನು ನೇರ ಮಳೆ ಹೊಡೆಯದ, ಬೆಳಕಿರುವ ಸೂರಿನಡಿಗೆ ತನ್ನಿ. ನಮ್ಮ ಮಳೆಗೆ ಎಳೆಗೆಡ್ಡೆ ಕೊಳೆತುಹೋಗುತ್ತದೆ.

ಚಳಿಗಾಲಕ್ಕೆ ಎಲೆ ಹಳದಿಯಾಗಿ ಸಸಿ ಒಣಗುತ್ತದೆ. ಸತ್ತಿತೆಂದು ತಿಳಿಯಬೇಡಿ, ನೀರು ನಿಲ್ಲಿಸಿ. ಮಣ್ಣಿನೊಳಗೆ ಪುಟ್ಟ ಗೆಡ್ಡೆ ಮಲಗಿರುತ್ತದೆ, ಮುಂದಿನ ಮಳೆಗೆ ಇನ್ನಷ್ಟು ದಪ್ಪವಾಗಿ ಏಳುತ್ತದೆ. ಎರಡು ಮಳೆಗಾಲ ತೊಟ್ಟೆಯಲ್ಲೇ ಕಳೆಯಲಿ.

ಮೂರನೆಯ ವರ್ಷ ಮೇ ತಿಂಗಳಲ್ಲಿ ಜಾಗಕ್ಕೆ ನೆಡಬಹುದು. ಗೆಡ್ಡೆಯ ಚಿಗುರುವ ಕಣ್ಣು ಇರುವುದು ತುದಿಯಲ್ಲಿ ಮಾತ್ರ. ತುದಿ ಮುರಿದರೆ ಉಳಿದ ಭಾಗ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ, ಹಾಗಾಗಿ ಮಣ್ಣಿನ ಹೆಂಟೆ ಒಡೆಯದೆ ಇಡೀ ತೊಟ್ಟೆಯನ್ನೇ ಬಿಡಿಸಿ ಇಳಿಸಿ. ಗೆಡ್ಡೆ ಅಡ್ಡಲಾಗಿ ಎರಡು ಮೂರು ಇಂಚು ಆಳದಲ್ಲಿರಲಿ. ನೀರು ನಿಲ್ಲದ ಇಳಿಜಾರು ಅಥವಾ ಏರುಮಡಿ ಬೇಕು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದರಿಂದ ದಪ್ಪ ಕಂಬ ಅದಕ್ಕೆ ದಕ್ಕದು. ಸಣ್ಣ ಕಡ್ಡಿ, ಪೊದೆ, ಬೇಲಿಗಿಡದ ರೆಂಬೆಯೇ ಒಳ್ಳೆಯದು.

ಹೂ ಬಿಟ್ಟಾಗ ಒಂದನ್ನು ಹತ್ತಿರದಿಂದ ನೋಡಿ. ಆರು ಎಸಳೂ ಹಿಂದಕ್ಕೆ ಮಡಚಿ, ಬುಡ ಹಳದಿ, ತುದಿ ಕೆಂಪು. ಶಲಾಕೆ, ಅಂದರೆ ಪರಾಗ ಸ್ವೀಕರಿಸುವ ಹೆಣ್ಣುಭಾಗದ ಕಡ್ಡಿ, ಬುಡದಲ್ಲೇ ಬಹುತೇಕ ಲಂಬಕೋನಕ್ಕೆ ಬಾಗಿ, ಪರಾಗದ ಚೀಲಗಳಿಂದ ದೂರ ಚಾಚಿರುತ್ತದೆ. ಮಳೆಯಲ್ಲಿ ಚಿಟ್ಟೆ, ಜೇನು ಬಾರದಿದ್ದರೆ ಕಾಯಿ ಕಟ್ಟುವುದು ಕಷ್ಟ. ಬೀಜಕ್ಕಾಗಿಯೇ ಇದನ್ನು ಬೆಳೆಯುವ ತಮಿಳುನಾಡಿನ ರೈತರು ಬೆಳಗಿನ ಹೊತ್ತು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ನೀವೂ ಹೊಳವಾದ ಬೆಳಿಗ್ಗೆ ಮೆತ್ತನೆಯ ಕುಂಚದಿಂದ ಒಂದು ಬಳ್ಳಿಯ ಪರಾಗವನ್ನು ಇನ್ನೊಂದರ ಶಲಾಕೆಯ ತುದಿಗೆ ಸವರಿ. ಹಬ್ಬಕ್ಕೆ ಕೊಯ್ಯುವಾಗ ಹೂವನ್ನಷ್ಟೇ ತೊಟ್ಟಿನ ಸಮೇತ ಕತ್ತರಿಸಿ. ಬಳ್ಳಿ ಎಳೆದರೆ ಮುಂದಿನ ವರ್ಷದ ಗೆಡ್ಡೆಗೆ ಆಹಾರ ಮಾಡುವ ಎಲೆಯೇ ಹೋಗುತ್ತದೆ. ಪ್ರತಿ ಬಳ್ಳಿಯಲ್ಲೂ ಎರಡು ಮೂರು ಹೂ ಕಾಯಿಗೆ ಬಿಡಿ.

ಕೀಟದಲ್ಲಿ ಮುಖ್ಯವಾದುದು ಲಿಲ್ಲಿ ಕಂಬಳಿಹುಳು. ಕಪ್ಪು ಮೈ, ಮೇಲೆ ಬಿಳಿ, ಕೆಂಪು ಚುಕ್ಕೆ. ಬಳ್ಳಿಯ ವಿಷ ಅದಕ್ಕೆ ನಾಟುವುದಿಲ್ಲ. ಗುಂಪಾಗಿ ಬಂದರೆ ಎಲೆಗಳನ್ನು ಬೋಳಿಸಿಬಿಡುತ್ತದೆ. ಮನೆಯ ನಾಲ್ಕೈದು ಬಳ್ಳಿಗೆ ಔಷಧಿ ಹೊಡೆಯುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಎಲೆಯ ಅಡಿಭಾಗ ನೋಡುತ್ತಿದ್ದು, ಕಂಡದ್ದನ್ನು ಕಡ್ಡಿಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಅದು ಕೋಶ ಕಟ್ಟುವುದು ಮಣ್ಣಿನಲ್ಲಿ. ಬೇಸಿಗೆಯಲ್ಲಿ ಬುಡದ ಮೇಲ್ಮಣ್ಣನ್ನು ಗೆಡ್ಡೆಗೆ ತಾಗದಂತೆ ಕೈಯಲ್ಲೇ ಸಡಿಲಿಸಿದರೆ ಕೋಶಗಳು ಹೊರಬಿದ್ದು ಹಕ್ಕಿಗಳ ಪಾಲಾಗುತ್ತವೆ.