ಒಂದೇ ಕೆಲಸ, ಎರಡು ಪಟ್ಟಿ: ಮುಂಬೈಯಲ್ಲಿ ನನ್ನ ಅನುಭವ

ನಾನು ಮನೆ ರಿಪೇರಿ ಕಂಟ್ರಾಕ್ಟರ್. ಮುಲುಂಡ್‌ನ ಹಳೇ ಬಿಲ್ಡಿಂಗಿನ ಫ್ಲ್ಯಾಟಿನಲ್ಲಿ ಹಾಲ್-ಕಿಚನ್ ನಡುವಿನ ಗೋಡೆ ತೆಗೆಸಿದೆ. ಪಾಲಿಕೆಯ ಪರ್ಮಿಷನ್ ಕೈಗೆ ಬಂದ ಮೇಲೆಯೇ ತೆಗೆಸಿದ್ದು. ಆದರೂ ಲೇಬರ್ ಸುಮ್ನೆ ಕೂರಲಿಲ್ಲ. "ನಾಲ್ಕಿಂಚಿನ ಗೋಡೆಗೆ ಯಾರು ಫೈಲ್ ಹಾಕ್ತಾರೆ ಮಾರಾಯ್ರೆ" ಅಂದಿದ್ದ ಊರಿನ ಕಂಟ್ರಾಕ್ಟರುಗಳೇ ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.

ಹಿಂದೆ ಘಾಟ್ಕೋಪರ್‌ನಲ್ಲಿ ಇಂಥದ್ದೇ ಕೆಲಸಕ್ಕೆ ಮನೆ ಮಾಲೀಕರು ಸೊಸೈಟಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಸಾಕು ಅಂದಿದ್ದರು. ಕೆಳಮನೆಯವರು ದೂರು ಕೊಟ್ಟರು, ಕೆಲಸ ನಿಲ್ಲಿಸು ಅನ್ನುವ ಪಾಲಿಕೆಯ 354ಎ ನೋಟಿಸ್ ಬಂತು. 24 ಗಂಟೆಯೊಳಗೆ ಪರ್ಮಿಷನ್ ತೋರಿಸು ಅಂದರೆ ಎಲ್ಲಿಂದ ತರೋದು? ಕೂತ ಲೇಬರಿಗೆ ಕೂಲಿ, ಒಡೆದದ್ದನ್ನು ಮತ್ತೆ ಕಟ್ಟಿದ್ದು, ಡೆಬ್ರಿಸ್ ಸಾಗಾಟ ಎಲ್ಲ ಸೇರಿ 80 ಸಾವಿರದ ಹತ್ತಿರ ಹೋಯಿತು. ಅರ್ಧ ನನ್ನ ಜೇಬಿನಿಂದ.

ಈಗ ಕೊಟೇಶನ್ ಬರೆಯುವಾಗಲೇ ಎರಡು ಪಟ್ಟಿ ಮಾಡುತ್ತೇನೆ. ಮುಂಬೈಯ 1888ರ ಮುನ್ಸಿಪಲ್ ಆಕ್ಟಿನ 342ನೇ ಸೆಕ್ಷನ್ ಪ್ರಕಾರ ಪ್ಲಾಸ್ಟರ್, ಪೇಂಟ್, ಟೈಲ್ಸ್, ನಲ್ಲಿ, ಡ್ರೈನೇಜ್ ಪೈಪ್ ಇವೆಲ್ಲ ಟೆನೆಂಟೇಬಲ್ ರಿಪೇರಿ, ಅಂದರೆ ಮನೆಯನ್ನು ವಾಸಕ್ಕೆ ಸರಿಯಾಗಿಡುವ ಸಣ್ಣಪುಟ್ಟ ರಿಪೇರಿ. ಪರ್ಮಿಷನ್ ಬೇಡ, ಮರುದಿನವೇ ಶುರು. ಗೋಡೆ ತೆಗೆಯೋದು, ಸರಿಸೋದು, ಅಳತೆ ಬದಲಾಗೋದು ಎರಡನೇ ಪಟ್ಟಿ. ಅದರ ಫೈಲ್ ಓಡಾಡುವಷ್ಟು ದಿನ ಮೊದಲ ಪಟ್ಟಿಯ ಕೆಲಸ ನಡೆಯುತ್ತದೆ. ಬೀಮ್, ಕಾಲಮ್ ಮುಟ್ಟುವ ಮಾತೇ ಇಲ್ಲ.

ಮುಲುಂಡ್ ಕೆಲಸಕ್ಕೆ ಲೈಸೆನ್ಸ್ ಇರುವ ಸ್ಟ್ರಕ್ಚರಲ್ ಇಂಜಿನಿಯರ್ 25 ಸಾವಿರದಷ್ಟು ತೆಗೆದುಕೊಂಡರು. ಜಾಸ್ತಿ ಅನ್ನಿಸುತ್ತೆ ಅಲ್ವಾ? ನೋಟಿಸಿನ ಖರ್ಚಿನ ಮುಂದೆ ಅದೇನೂ ಅಲ್ಲ. ಅವರನ್ನು ಮೇಲಿನ ಮನೆಗೂ ಕೆಳಗಿನ ಮನೆಗೂ ಕರೆದುಕೊಂಡು ಹೋದೆ. ಅವರ ಮುಂದೆಯೇ ಗೋಡೆ ಪರೀಕ್ಷೆ ಬೇರೆ ಮಾಡಿದೆ. 6 ಎಂಎಂ ಬಿಟ್‌ನಲ್ಲಿ ತೂತು ಕೊರೆದಾಗ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಬಂದು ಬಿಟ್ ಒಳಗೇ ಹೋಗದಿದ್ದರೆ ಕಾಂಕ್ರೀಟ್. ಬಾಡಿಗೆಗೆ ತಂದ ಸರಳು ಹುಡುಕುವ ಮಷಿನ್ ಪ್ಲಾಸ್ಟರಿನೊಳಗಿನ ಕೋಳಿಜಾಲಿಗೇ (ತೆಳು ತಂತಿಬಲೆ) ಕೂಗುತ್ತಿತ್ತು. ದುಡ್ಡು ದಂಡ.

ಫೈಲಿನಲ್ಲಿ ಕಾಗದ ಯಾವ ಕ್ರಮದಲ್ಲಿ ಇಡಬೇಕು, ಯಾವ ಫೋಟೋ ಮೊದಲು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಪುಣೆಯಲ್ಲಿ ಕೆಲಸ ಹಿಡಿದವರಿಗೆ ಈ 342 ಉಪಯೋಗಕ್ಕೆ ಬಾರದು. ಅಲ್ಲಿ ಮುಂಬೈ ಬಿಟ್ಟು ಮಹಾರಾಷ್ಟ್ರದ ಬೇರೆ ಊರುಗಳಿಗಿರುವ ಕಟ್ಟಡ ನಿಯಮ, 2020ರ ಯುಡಿಸಿಪಿಆರ್ ನೋಡಬೇಕು.

ಬೆಡ್‌ರೂಮನ್ನು ಬಾತ್‌ರೂಮ್ ಮಾಡಿಕೊಡಿ ಅಂತ ಬರುವವರಿಗೆ ನಾನು ಕೊಟೇಶನ್ನೇ ಕೊಡುವುದಿಲ್ಲ. ವಾಟರ್‌ಪ್ರೂಫಿಂಗ್ ಎಷ್ಟೇ ಚೆನ್ನಾಗಿ ಮಾಡಿದರೂ ಒಂದಲ್ಲ ಒಂದು ಮಳೆಗಾಲಕ್ಕೆ ಕೆಳಮನೆಯವರ ಹಾಸಿಗೆ ಮೇಲೆ ನೀರು ಬೀಳುತ್ತದೆ.