ಪ್ಲಾಟರ್ ಬರೆದ ಹಾಳೆಗಳೇ ಅದರ ದಿನಚರಿ

ಪೆನ್ನು ಹಿಡಿದು ಚಿತ್ರ ಬರೆಯುವ ಯಂತ್ರವನ್ನು ಕಟ್ಟುವವರಿಗೆ ಒಂದು ದೊಡ್ಡ ಅನುಕೂಲವಿದೆ: ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಯಂತ್ರವೇ ಕಾಗದದ ಮೇಲೆ ಬರೆದುಕೊಡುತ್ತದೆ. ನನ್ನ ಎ3 ಅಳತೆಯ ಪ್ಲಾಟರಿನ ಫೋಟೋಗಳನ್ನೂ ತೆಗೆದಿಟ್ಟಿದ್ದೇನೆ. ಆದರೆ ಅವುಗಳಲ್ಲಿ ಕಾಣುವುದು ಹೊಸ ಬ್ರಾಕೆಟ್ಟು, ಅಚ್ಚುಕಟ್ಟಾದ ವೈರಿಂಗ್. ಗೆರೆ ನೇರವಾಯಿತೇ ಎಂಬುದು ಕಾಣುವುದಿಲ್ಲ. ಹಾಗಾಗಿ ಒಂದು ಪರೀಕ್ಷಾ ಹಾಳೆಯನ್ನು ಗೊತ್ತುಮಾಡಿಕೊಂಡೆ. ಏನನ್ನೇ ಬದಲಿಸಿದರೂ ಅದೇ ಚಿತ್ರ, ಅದೇ ಜೆಲ್ ಪೆನ್ನು, ಅದೇ ಬಗೆಯ ಕಾಗದ. ಹಾಳೆಯ ಬೆನ್ನಿಗೆ ತಾರೀಖು, ಜೊತೆಗೆ ಆ ದಿನ ಬದಲಿಸಿದ ಒಂದೇ ಒಂದು ಸಂಗತಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ.

ಯಂತ್ರದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವಂಥವೇ: ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ನೆಮಾ 17 ಸ್ಟೆಪರ್ ಮೋಟಾರು, ಅವುಗಳನ್ನು ನಿಯಂತ್ರಿಸುವ ಆರ್ಡುಯಿನೊ ಊನೊ ಬೋರ್ಡು, ಮೋಟಾರುಗಳಿಗೆ ವಿದ್ಯುತ್ ಹರಿಸುವ ಎ4988 ಡ್ರೈವರುಗಳು, 2 ಮಿ.ಮೀ.ಗೊಂದು ಹಲ್ಲಿರುವ ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿಗಳು, ಪೆನ್ನು ಎತ್ತಲು ಸರ್ವೊ ಎಂಬ ಒಂದು ಸಣ್ಣ ಮೋಟಾರು. ಬೋರ್ಡಿನೊಳಗೆ ಓಡುವುದು ಜಿಆರ್‌ಬಿಎಲ್ ತಂತ್ರಾಂಶ, ಸರ್ವೊಗೆ ಹೊಂದಿಸಿದ ಆವೃತ್ತಿ.

ಹಾಳೆಯ ಮೊದಲ ಗುರುತು 200 ಮಿ.ಮೀ. ಉದ್ದದ ಎರಡು ಗೆರೆ, ಒಂದು ಅಡ್ಡ, ಒಂದು ಉದ್ದ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನೂ 16 ಪಾಲು ಮಾಡುವುದರಿಂದ 3200. ಒಂದು ಸುತ್ತಿನಲ್ಲಿ ಬೆಲ್ಟು ಸರಿಯುವುದು 40 ಮಿ.ಮೀ. ಅಂದರೆ ಮಿಲಿಮೀಟರಿಗೆ 80 ಹೆಜ್ಜೆ. ಲೆಕ್ಕ ಇಷ್ಟು ಚೊಕ್ಕವಾಗಿದ್ದರೂ ಸ್ಟೀಲ್ ಸ್ಕೇಲಿಟ್ಟು ನೋಡಲೇಬೇಕು. ಗೆರೆ 199.5ಕ್ಕೆ ನಿಂತರೆ 80ರ ಜಾಗದಲ್ಲಿ 80.2 ಕೊಡಬೇಕು. ಇದು ಬೇಗ ಮುಗಿಯುವ ಕೆಲಸ.

ನಿಜವಾದ ಪಾಠ ಕಲಿಸಿದ್ದು ವೃತ್ತ. ನನ್ನದು ಕೋರ್‌ಎಕ್ಸ್‌ವೈ ಬಗೆಯ ಜೋಡಣೆ. ಮೋಟಾರುಗಳೆರಡೂ ಚೌಕಟ್ಟಿಗೇ ಬಿಗಿದಿರುತ್ತವೆ, ಬೆಲ್ಟುಗಳು ಮಾತ್ರ ಪೆನ್ನನ್ನು ಎಳೆಯುತ್ತವೆ. ಪೆನ್ನು ನೇರ ಅಡ್ಡಕ್ಕೋ ಉದ್ದಕ್ಕೋ ಹೋಗಬೇಕಾದರೆ ಎರಡೂ ಮೋಟಾರು ತಿರುಗಬೇಕು. 45 ಡಿಗ್ರಿ ಓರೆಯಲ್ಲಿ ಹೋಗುವಾಗ ಒಂದೇ ಮೋಟಾರು ದುಡಿಯುತ್ತದೆ. ಬೆಲ್ಟಿನಲ್ಲಿ ಸಡಿಲವಿದ್ದರೆ, ಮೋಟಾರು ದಿಕ್ಕು ಬದಲಿಸುವ ಗಳಿಗೆಯಲ್ಲಿ ಅದು ಬಯಲಾಗುತ್ತದೆ. ಅಡ್ಡಕ್ಕೊಂದು, ಉದ್ದಕ್ಕೊಂದು ಮೋಟಾರಿರುವ ಸಾಮಾನ್ಯ ಯಂತ್ರಗಳಲ್ಲಿ ವೃತ್ತ ಚಪ್ಪಟೆಯಾಗುವುದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ನನ್ನ ಹಾಳೆಗಳಲ್ಲಿ ಚಪ್ಪಟೆಯಾದದ್ದು ನಾಲ್ಕು ಮೂಲೆಗಳ ಕಡೆಗೆ. ಈಶಾನ್ಯ, ನೈರುತ್ಯಗಳಲ್ಲಿ ಚಪ್ಪಟೆಯಿದ್ದು ಉಳಿದೆರಡು ಮೂಲೆ ದುಂಡಗಿದ್ದರೆ ದೋಷ ಒಂದೇ ಮೋಟಾರಿನ ಬೆಲ್ಟಿನದು. ಯಾವ ಸ್ಕ್ರೂ ಬಿಗಿಯಬೇಕೆಂದು ಕಾಗದವೇ ಬೆರಳಿಟ್ಟು ತೋರಿಸುತ್ತದೆ! ಎರಡು ಬೆಲ್ಟುಗಳ ಬಿಗಿತ ಸಮನಾಗಿಲ್ಲದಿದ್ದರೆ ಚೌಕವೂ ವಾಲುತ್ತದೆ. ಅದಕ್ಕೆಂದೇ 100 ಮಿ.ಮೀ. ಬದಿಯ ಚೌಕವೊಂದು ಹಾಳೆಯಲ್ಲಿದೆ. ಅದರ ಕರ್ಣಗಳೆರಡೂ 141.4 ಮಿ.ಮೀ. ಬರಬೇಕು.

ಹಾಳೆಯ ನಡುವೆ ಒಂದು ಎಳೆ ರಂಗೋಲಿಯಿದೆ. ಅಲಂಕಾರಕ್ಕಲ್ಲ, ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಬೇರೆ ಸಿಕ್ಕಿಲ್ಲ. ಚುಕ್ಕಿಗಳ ನಡುವೆ ಎಳೆ ಬಹುಪಾಲು ಓರೆಯಾಗಿಯೇ ಸಾಗುವುದರಿಂದ ಒಂದೊಂದು ಮೋಟಾರೂ ಒಂಟಿಯಾಗಿ ಪರೀಕ್ಷೆಗೆ ಒಳಗಾಗುತ್ತದೆ. ನಾನು ಆರಿಸಿಕೊಂಡ ವಿನ್ಯಾಸದಲ್ಲಿ ಆರಂಭದಿಂದ ಕೊನೆಯವರೆಗೆ ಒಂದೇ ಎಳೆ. ಎಲ್ಲ ಚುಕ್ಕಿಗಳನ್ನೂ ಸುತ್ತಿ ಅದು ಹೊರಟ ಜಾಗಕ್ಕೇ ಬಂದು ಸೇರಬೇಕು. ದಾರಿಯಲ್ಲಿ ಎಲ್ಲಿಯಾದರೂ ಮೋಟಾರು ಹೆಜ್ಜೆ ತಪ್ಪಿದರೆ ತುದಿಗಳು ಕೂಡುವುದಿಲ್ಲ. ಆ ಅಂತರವನ್ನು ಭೂತಗನ್ನಡಿಯಲ್ಲಿ ಅಳೆದು ಹಾಳೆಯ ಬೆನ್ನಿಗೆ ಬರೆಯುತ್ತೇನೆ. ವೇಗವರ್ಧನೆಯನ್ನು ತಗ್ಗಿಸಿ ಬರೆಸಿದ ಹಾಳೆಯಲ್ಲಿ ತಿರುವಿನ ನಂತರದ ನಡುಕ ಮಾಯವಾಗಿ, ಎಳೆಯ ಕೊನೆ ಮೊದಲಿನ ಮೇಲೆಯೇ ಕೂತಿತು. ಆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಪೆನ್ನು ಎತ್ತಿ ಇಳಿಸುವುದನ್ನು ಒಂದು ಸಾಲು ತುಂಡುಗೆರೆಗಳು ತೋರಿಸುತ್ತವೆ. ಸರ್ವೊ ಪೂರ್ತಿ ಇಳಿಯುವ ಮೊದಲೇ ಚಲನೆ ಶುರುವಾದರೆ ಗೆರೆಯ ತಲೆ ಹಾರಿಹೋಗುತ್ತದೆ; ಹೆಚ್ಚು ಹೊತ್ತು ಕಾದರೆ ಶಾಯಿ ಗುಂಡಗೆ ಕಟ್ಟಿಕೊಳ್ಳುತ್ತದೆ. ಇಳಿಸಿದ ಮೇಲೆ 0.15 ಸೆಕೆಂಡಿನ ವಿರಾಮ ನನ್ನ ಪೆನ್ನಿಗೆ ಒಗ್ಗಿದೆ.

ಈಗ ನನ್ನ ಮನಸ್ಸೆಲ್ಲ ಕನ್ನಡ ಅಕ್ಷರಗಳ ಮೇಲಿದೆ. ಕಂಪ್ಯೂಟರಿನ ಫಾಂಟುಗಳಲ್ಲಿರುವುದು ಅಕ್ಷರದ ಅಂಚು. ಅದನ್ನೇ ಪ್ಲಾಟರಿಗೆ ಕೊಟ್ಟರೆ ಒಳಗೆ ಟೊಳ್ಳಾದ ಅಕ್ಷರ ಮೂಡುತ್ತದೆ. ಇಂಗ್ಲಿಷಿಗೆ 1960ರ ದಶಕದಲ್ಲೇ ಹರ್ಷಿ ಎಂಬಾತ ಒಂಟಿಗೆರೆಯ ಅಕ್ಷರಗಳನ್ನು ರೂಪಿಸಿದ. ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಅವು ಇಂದಿಗೂ ಸಿಗುತ್ತವೆ, ಕನ್ನಡ ಅವುಗಳಲ್ಲಿಲ್ಲ. ಆದ್ದರಿಂದ ಫಾಂಟಿನ ಅಕ್ಷರವನ್ನು ಕೆಳಗಿಟ್ಟುಕೊಂಡು, ಕೈಬರಹದ ಕ್ರಮದಲ್ಲೇ ಅದರ ನಡುವೆ ಒಂದೊಂದೇ ಗೆರೆ ಎಳೆಯುತ್ತಿದ್ದೇನೆ. ತಲೆಕಟ್ಟನ್ನು ಎಲ್ಲಿ ಪೆನ್ನೆತ್ತದೆ ಸೇರಿಸಬಹುದು, ಒತ್ತಕ್ಷರಕ್ಕೆ ಎಲ್ಲಿ ಎತ್ತಲೇಬೇಕು ಎಂಬುದು ಅಕ್ಷರದಿಂದ ಅಕ್ಷರಕ್ಕೆ ಬೇರೆ. ಹಾಳೆಯ ಕೊನೆಯ ಸಾಲಿಗೆ ‘ಸ್ವಾತಂತ್ರ್ಯ’ ಎಂಬ ಪದವನ್ನು ಸೇರಿಸಿದ್ದೇನೆ. ಅಕ್ಷರದ ಎತ್ತರ 12 ಮಿ.ಮೀ. ಇದ್ದಾಗ ಎಲ್ಲವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. 8 ಮಿ.ಮೀ.ಗೆ ಇಳಿಸಿದರೆ ‘ತ್ರ್ಯ’ದ ಒತ್ತುಗಳು ಒಂದನ್ನೊಂದು ಮುಟ್ಟುತ್ತವೆ. ಮುಂದಿನ ಹಾಳೆಗೆ 0.5ರ ಬದಲು 0.3 ಮಿ.ಮೀ. ಮೊನೆಯ ಪೆನ್ನು ತಂದಿಟ್ಟಿದ್ದೇನೆ.